ನೋಟಿಸ್ ಕೊಡದೆ ಕೆಲಸದಿಂದ ತೆಗೆದರು, ಆ ತಿಂಗಳ ದುಡ್ಡು ಎಲ್ಲಿ?

(ಬೆಂಗಳೂರಿನಲ್ಲಿ ಒಂದು ಭಾನುವಾರ ಖಾಸಗಿ ಕಂಪನಿಗಳ ನೌಕರರ ಮುಂದೆ ಆಡಿದ ಮಾತಿನ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ರಜಾ ದಿನ ಬಿಟ್ಟು ಬಂದಿದ್ದೀರಿ. ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

ಕೆಲಸ ಹೋಯಿತು ಅಂತ ಸಲಹೆ ಕೇಳಲು ಬರುವವರು ಸಾಮಾನ್ಯವಾಗಿ ದಪ್ಪ ಫೈಲು ಹಿಡಿದು ಬರುತ್ತಾರೆ. ಅದರ ತುಂಬಾ ಈಮೇಲ್ ಪ್ರಿಂಟ್‌ಗಳು. ಮ್ಯಾನೇಜರ್‌ಗೆ ನನ್ನ ಮೇಲೆ ಯಾಕೆ ಹಗೆ, ಹೋದ ವರ್ಷ ಒಳ್ಳೆ ರೇಟಿಂಗ್ ಕೊಟ್ಟವರು ಈ ವರ್ಷ ಯಾಕೆ ಹೀಗೆ ಮಾಡಿದರು, ನನಗಿಂತ ಕಡಿಮೆ ಕೆಲಸ ಮಾಡುವವನು ಹೇಗೆ ಉಳಿದುಕೊಂಡ. ಎಲ್ಲ ನಿಜವೇ ಇರಬಹುದು. ಆದರೆ ಅಷ್ಟು ದಪ್ಪ ಫೈಲಿನಲ್ಲಿ ಒಂದು ಸಾಲು ಮಾತ್ರ ಇರುವುದಿಲ್ಲ: ‘ನನ್ನ ನೋಟಿಸ್ ಅವಧಿಯ ಸಂಬಳ ಇಷ್ಟು ರೂಪಾಯಿ, ಇಂಥ ತಾರೀಖಿನೊಳಗೆ ಕೊಡಿ.’

ಯಾಕೆ ತೆಗೆದರು ಅನ್ನುವುದು ಒಂದು ಜಗಳ. ತೆಗೆಯುವಾಗ ಕೊಡಬೇಕಾದ ದುಡ್ಡು ಎಲ್ಲಿ ಅನ್ನುವುದು ಬೇರೆ ಜಗಳ. ಮೊದಲನೆಯದು ವರ್ಷಗಟ್ಟಲೆ ಎಳೆಯುತ್ತದೆ, ಸಾಕ್ಷಿ ಬೇಕು, ವಕೀಲರು ಬೇಕು. ಎರಡನೆಯದು ಬರೀ ಲೆಕ್ಕ. ಇವೆರಡನ್ನೂ ಒಂದೇ ಮೂಟೆ ಕಟ್ಟಿದರೆ ಲೆಕ್ಕದ ಜಗಳವೂ ಮೊದಲನೆಯದರ ಹಿಂದೆ ಕುಂಟುತ್ತಾ ಹೋಗುತ್ತದೆ. ಕಂಪನಿಗಳ ಎಚ್‌ಆರ್‌ಗೂ ಇದು ಗೊತ್ತು. ನೀವು ದುಡ್ಡು ಕೇಳಿದರೆ ಅವರು ನಿಮ್ಮ ಪರ್ಫಾರ್ಮೆನ್ಸ್ ಬಗ್ಗೆ ಮಾತು ತೆಗೆಯುತ್ತಾರೆ. ನೀವು ಸಿಟ್ಟಿಗೆದ್ದು ಅದಕ್ಕೇ ಉತ್ತರ ಕೊಡುತ್ತಾ ಕೂರುತ್ತೀರಿ. ದುಡ್ಡಿನ ಮಾತು ಅಲ್ಲಿಗೆ ಮುಗಿಯಿತು.

ಈಗ ಹಕ್ಕು ಎಲ್ಲಿಂದ ಬರುತ್ತದೆ ನೋಡೋಣ. ಮೂರು ಕಡೆಯಿಂದ. ಮೊದಲನೆಯದು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್. ಅದರಲ್ಲಿ ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು ಅಂತ ಏನೋ ಒಂದು ಬರೆದಿರುತ್ತದೆ. ಎರಡನೆಯದು ನಮ್ಮ ರಾಜ್ಯದ್ದೇ ಆದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಹೆಸರು ಕೇಳಿ ಇದು ಕಿರಾಣಿ ಅಂಗಡಿಗೆ ಅಂದುಕೊಳ್ಳಬೇಡಿ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ, ಕಾಲ್ ಸೆಂಟರ್, ಷೋರೂಂ, ಹೋಟೆಲ್ ಎಲ್ಲವೂ ಇದರ ಕೆಳಗೇ ಬರುತ್ತವೆ. ಇದರ 39ನೇ ಸೆಕ್ಷನ್ ಪ್ರಕಾರ, 6 ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ತೆಗೆಯಬೇಕಾದರೆ ಸರಿಯಾದ ಕಾರಣ ಇರಬೇಕು, ಒಂದು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ನೋಟಿಸ್ ಕೊಡದಿದ್ದರೆ ಅದರ ಬದಲು ಸಂಬಳ ಕೊಡಬೇಕು. ಮ್ಯಾನೇಜ್‌ಮೆಂಟ್ ಸ್ಥಾನದಲ್ಲಿ ಇರುವವರನ್ನು ಈ ಕಾಯ್ದೆ ಹೊರಗಿಟ್ಟಿದೆ, ಅದು ನೆನಪಿರಲಿ.

ಮೂರನೆಯದು ಕೇಂದ್ರದ ಕಾನೂನು. ಇಷ್ಟು ವರ್ಷ ಅದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಆಗಿತ್ತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, ಆ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂತು. ಹೆಸರು ಬದಲಾಯಿತು, ಆದರೆ ನೋಟಿಸ್ ವಿಷಯದ ತಿರುಳು ಹಾಗೇ ಇದೆ. ಒಂದು ವರ್ಷ ಸೇವೆ ಮಾಡಿದ ಕಾರ್ಮಿಕನನ್ನು ಕಡಿತ ಮಾಡಬೇಕಾದರೆ, ಅಂದರೆ ಅವನ ತಪ್ಪಿಲ್ಲದೆ ಕೆಲಸದಿಂದ ತೆಗೆಯಬೇಕಾದರೆ, ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಒಂದು ತಿಂಗಳ ಸಂಬಳ. ಅದರ ಜೊತೆಗೆ ಪೂರ್ತಿ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ. ಹೊಸದಾಗಿ ಸೇರಿದ್ದು ಮರುಕೌಶಲ ನಿಧಿ, ಕೆಲಸ ಹೋದವರು ಹೊಸ ಕೌಶಲ ಕಲಿಯಲಿ ಅಂತ. ಕಡಿತವಾದ ಕಾರ್ಮಿಕನ ಖಾತೆಗೆ ಇನ್ನೂ 15 ದಿನದ ಸಂಬಳ 45 ದಿನದೊಳಗೆ ಬರಬೇಕು. ಇದನ್ನು ಕೇಳುವವರೇ ಕಮ್ಮಿ, ಕೇಳಿ.

ಇಲ್ಲಿ ಮುಂದಿನ ಸಾಲಿನ ಹುಡುಗ ಕೈ ಎತ್ತಿದ. ‘ಸರ್, ಕಾರ್ಮಿಕ ಅಂದರೆ ಫ್ಯಾಕ್ಟರಿಯವರು. ನಾನು ಕೋಡ್ ಬರೆಯುವವನು, ಸಂಬಳ ಲಕ್ಷದ ಮೇಲಿದೆ. ನನಗೆ ಅನ್ವಯ ಆಗಲ್ಲ ಅಲ್ವಾ?’

ಆಗುತ್ತದೆ. ತಾಂತ್ರಿಕ ಕೆಲಸ, ಗುಮಾಸ್ತಿಕೆ, ಕೈಕೆಲಸ ಮಾಡುವವರಿಗೆ ಸಂಬಳದ ಮಿತಿ ಇಲ್ಲ. ಮಿತಿ ಇರುವುದು ಮೇಲ್ವಿಚಾರಣೆ ಮಾಡುವವರಿಗೆ ಮಾತ್ರ. ಹಳೇ ಕಾಯ್ದೆಯಲ್ಲಿ ಅದು ತಿಂಗಳಿಗೆ 10,000 ರೂಪಾಯಿ ಇತ್ತು, ಹೊಸ ಸಂಹಿತೆಯಲ್ಲಿ 18,000. ಪೂರ್ತಿ ಹೊರಗಿರುವವರು ನಿಜವಾಗಿ ಮ್ಯಾನೇಜ್‌ಮೆಂಟ್ ಅಥವಾ ಆಡಳಿತದ ಕೆಲಸ ಮಾಡುವವರು. ವಿಸಿಟಿಂಗ್ ಕಾರ್ಡ್ ಮೇಲೆ ‘ಅಸೋಸಿಯೇಟ್ ಮ್ಯಾನೇಜರ್’ ಅಂತ ಇದ್ದ ಮಾತ್ರಕ್ಕೆ ಮ್ಯಾನೇಜರ್ ಆಗುವುದಿಲ್ಲ. ಪದನಾಮ ಏನೇ ಇರಲಿ, ಮುಖ್ಯವಾಗಿ ಮಾಡುವ ಕೆಲಸ ಯಾವುದು ಅಂತ ನೋಡಬೇಕು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಸಿಬಾ ಗೈಗಿ ಕಂಪನಿಯ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಕೈಕೆಳಗೆ ಎಷ್ಟು ಜನ, ಅವರ ರಜೆ ಮಂಜೂರು ಮಾಡುತ್ತಿದ್ದವರು ಯಾರು, ಕೆಲಸಕ್ಕೆ ತೆಗೆದುಕೊಳ್ಳುವ ಅಧಿಕಾರ ಇತ್ತಾ? ಇವುಗಳ ಉತ್ತರದ ಮೇಲೆ ನಿಮ್ಮ ದಾರಿ ತೀರ್ಮಾನವಾಗುತ್ತದೆ.

ಮೂರು ಕಡೆ ಮೂರು ಥರ ಇದ್ದರೆ ಯಾವುದು? ನಿಮಗೆ ಜಾಸ್ತಿ ಅನುಕೂಲ ಯಾವುದೋ ಅದು. ಕಾನೂನು ಒಂದು ತಿಂಗಳು ಅನ್ನುತ್ತದೆ, ಲೆಟರಿನಲ್ಲಿ ಎರಡು ತಿಂಗಳು ಇದೆ ಅಂದರೆ ಎರಡು ತಿಂಗಳೇ ಕೇಳಿ. ಲೆಟರಿನಲ್ಲಿ ಹದಿನೈದು ದಿನ ಅಂತಿದ್ದು ನೀವು 6 ತಿಂಗಳು ದಾಟಿದ್ದರೆ, ಕಾನೂನಿನ ಒಂದು ತಿಂಗಳಿಗಿಂತ ಕೆಳಗೆ ಕಂಪನಿ ಹೋಗುವ ಹಾಗಿಲ್ಲ. ಪ್ರೊಬೇಷನ್‌ನಲ್ಲಿ ಇದ್ದವರೂ ಲೆಟರಿನ ಕರಾರನ್ನು ಒಮ್ಮೆ ಓದಿ. ಏಳು ದಿನವೋ ಹದಿನೈದು ದಿನವೋ ಬರೆದಿರುತ್ತಾರೆ. ಸಣ್ಣ ಮೊತ್ತ ಅಂತ ಬಿಡಬೇಡಿ.

ಇನ್ನು ನಾನು ಸ್ವಲ್ಪ ಹೊತ್ತು ನಿಲ್ಲಬೇಕಾದ ಜಾಗಕ್ಕೆ ಬಂದೆ. ಹೆಚ್ಚಿನವರ ದುಡ್ಡು ಹೋಗುವುದು ಕೋರ್ಟಿನಲ್ಲಿ ಅಲ್ಲ. ಆ ಹದಿನೈದು ನಿಮಿಷದ ಮೀಟಿಂಗ್‌ನಲ್ಲಿ.

ಸಣ್ಣ ರೂಮು, ಇಲ್ಲವೇ ವಿಡಿಯೋ ಕಾಲ್. ಎಚ್‌ಆರ್ ನಿಧಾನವಾಗಿ, ತುಂಬಾ ಕಳಕಳಿಯಿಂದ ಮಾತಾಡುತ್ತಾರೆ. ‘ನೋಡಿ, ಟರ್ಮಿನೇಷನ್ ಅಂತ ಬಂದರೆ ನಿಮ್ಮ ಮುಂದಿನ ಕೆಲಸಕ್ಕೇ ತೊಂದರೆ. ನೀವೇ ರಿಸೈನ್ ಮಾಡಿಬಿಡಿ. ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡುತ್ತೇವೆ.’ ಲ್ಯಾಪ್‌ಟಾಪ್ ಮುಂದೆಯೇ ಇರುತ್ತದೆ, ಪೋರ್ಟಲ್ ತೆರೆದಿರುತ್ತದೆ, ಒಂದು ಬಟನ್ ಒತ್ತಿದರೆ ರಾಜೀನಾಮೆ. ಮನಸ್ಸು ಕೆಟ್ಟಿರುತ್ತದೆ. ಒತ್ತುತ್ತಾರೆ.

ಒಂದೂವರೆ ತಿಂಗಳ ಮೇಲೆ ಫುಲ್ ಅಂಡ್ ಫೈನಲ್ ಶೀಟು, ಅಂದರೆ ಅಂತಿಮ ಲೆಕ್ಕದ ಹಾಳೆ ಬರುತ್ತದೆ. ಒಂದು ಉದಾಹರಣೆ ಲೆಕ್ಕ ಹಾಕೋಣ. ತಿಂಗಳ ಒಟ್ಟು ಸಂಬಳ 60,000, ಅದರಲ್ಲಿ ಬೇಸಿಕ್ (ಮೂಲ ವೇತನ) 24,000, ಲೆಟರಿನಲ್ಲಿ ನೋಟಿಸ್ ಎರಡು ತಿಂಗಳು. ಕೊನೇ ತಿಂಗಳು ಕೆಲಸ ಮಾಡಿದ್ದು 11 ದಿನ. ಶೀಟಿನ ಎಡಗಡೆ: 11 ದಿನದ ಸಂಬಳ 22,000, ಬಾಕಿ ರಜೆ 8 ದಿನಕ್ಕೆ ಬೇಸಿಕ್ ಮೇಲೆ 6,400. ಒಟ್ಟು 28,400. ಬಲಗಡೆ ಕಡಿತದ ಕಾಲಂ. ಅಲ್ಲಿ ‘ನೋಟಿಸ್ ಪೀರಿಯಡ್ ರಿಕವರಿ, 60 ದಿನ, 48,000’ ಅಂತ ಇರುತ್ತದೆ. ಕೆಳಗೆ ಮೈನಸ್ 19,600. ಅಂದರೆ ಕಂಪನಿ ಹೊರಗೆ ಹಾಕಿದ ಮನುಷ್ಯನೇ ಕಂಪನಿಗೆ ಹತ್ತೊಂಬತ್ತು ಸಾವಿರದ ಆರುನೂರು ಕೊಡಬೇಕು! ಯಾಕೆಂದರೆ ದಾಖಲೆ ಪ್ರಕಾರ ಅವನು ತಾನೇ ಬಿಟ್ಟು ಹೋದವನು, ನೋಟಿಸ್ ಪೂರೈಸದೆ ಹೋದವನು.

ಅದೇ ಮನುಷ್ಯ ಬಟನ್ ಒತ್ತದೆ, ‘ನನ್ನನ್ನು ತೆಗೆಯುವುದಾದರೆ ಲೆಟರ್ ಕೊಡಿ’ ಅಂದಿದ್ದರೆ? 28,400ರ ಜೊತೆಗೆ ಎರಡು ತಿಂಗಳ 1,20,000. ಒಟ್ಟು 1,48,400. ಒಂದು ಬಟನ್‌ನ ಬೆಲೆ ಅದು.

ಹಾಗಾಗಿ ರಾಜೀನಾಮೆ ಕೊಡಲೇಬೇಡಿ ಅಂತ ನಾನು ಹೇಳುತ್ತಿಲ್ಲ. ರಿಲೀವಿಂಗ್ ಲೆಟರ್ ಕೆಲವರಿಗೆ ದುಡ್ಡಿಗಿಂತ ಮುಖ್ಯ, ಅದು ನನಗೂ ಗೊತ್ತು. ಕೊಡುವುದಾದರೆ ಅದಕ್ಕೆ ಮೊದಲು ಒಂದು ಈಮೇಲ್ ಬರಲಿ ಅನ್ನಿ: ‘ಕಂಪನಿಯ ಕೋರಿಕೆಯ ಮೇಲೆ ರಾಜೀನಾಮೆ, ನೋಟಿಸ್ ಅವಧಿಯ ಪೂರ್ತಿ ಸಂಬಳ ಇಂಥ ತಾರೀಖಿಗೆ ಕೊಡಲಾಗುವುದು, ಯಾವ ರಿಕವರಿಯೂ ಇಲ್ಲ.’ ಬಾಯಿಮಾತಿಗೆ ಒಪ್ಪಿ ಬರವಣಿಗೆಯಲ್ಲಿ ಒಪ್ಪದವರು ಕೊಡುವ ಉದ್ದೇಶದಲ್ಲಿ ಇಲ್ಲ ಅಂತಲೇ ತಿಳಿಯಿರಿ. ರಾಜೀನಾಮೆ ಕೊಟ್ಟುಬಿಟ್ಟಿದ್ದರೂ ಅದೇ ದಿನ, ಆಗದಿದ್ದರೆ ಮರುದಿನ, ನಿಮ್ಮ ಸ್ವಂತ ಈಮೇಲ್‌ನಿಂದ ಬರೆಯಿರಿ: ಇಂಥ ಹೊತ್ತಿಗೆ ಇಂಥವರು ಕರೆಸಿ ರಾಜೀನಾಮೆ ಕೊಡುವಂತೆ ಹೇಳಿದರು, ಇದು ನನ್ನ ಇಷ್ಟದ್ದಲ್ಲ. ಮೂರು ತಿಂಗಳ ಮೇಲೆ ಬರೆದ ಪತ್ರಕ್ಕೆ ಆ ತೂಕ ಇರುವುದಿಲ್ಲ.

ಕಂಪನಿ ಈಮೇಲ್ ಅಂತೂ ಆ ಮೀಟಿಂಗ್ ಮುಗಿಯುವುದರೊಳಗೆ ಬಂದ್ ಆಗಿರುತ್ತದೆ. ಅಪಾಯಿಂಟ್‌ಮೆಂಟ್ ಲೆಟರ್, ಇಂಕ್ರಿಮೆಂಟ್ ಲೆಟರ್, ಪೇಸ್ಲಿಪ್ ನಿಮ್ಮ ಹತ್ತಿರ ಮೊದಲೇ ಇರಬೇಕು. ಕಂಪನಿಯ ಕೋಡು, ಗಿರಾಕಿಗಳ ಪಟ್ಟಿ ಇತ್ಯಾದಿ ಮುಟ್ಟಬೇಡಿ, ಅದು ಬೇರೆ ತಲೆನೋವು. ಅಪಾಯಿಂಟ್‌ಮೆಂಟ್ ಲೆಟರೇ ಕೊಟ್ಟಿಲ್ಲ ಅನ್ನುವವರೂ ಇದ್ದೀರಿ. ನಮ್ಮ ಅಂಗಡಿ ಕಾಯ್ದೆ ಪ್ರಕಾರ ಸೇರಿದ 30 ದಿನದೊಳಗೆ ಕೊಡಬೇಕು. ಕೊಡದಿದ್ದರೆ ತಪ್ಪು ಅವರದು. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಸಂಬಳ ಬಿದ್ದ ಸಾಲುಗಳು, ಪಿಎಫ್ ಪಾಸ್‌ಬುಕ್ ಇವೇ ಸಾಕ್ಷಿ. ಪಿಎಫ್‌ನ ಯುಎಎನ್ ಪೋರ್ಟಲ್‌ನಲ್ಲಿ ನಿಮ್ಮ ಸೇವೆ ಮುಗಿದ ದಿನ ಅಂತ ಕಂಪನಿ ಯಾವ ತಾರೀಖು ಹಾಕಿದೆ ಅಂತಲೂ ನೋಡಿ, ಸ್ಕ್ರೀನ್‌ಶಾಟ್ ತೆಗೆದಿಡಿ.

‘ಮಿಸ್‌ಕಂಡಕ್ಟ್ ಅಂತ ತೆಗೆದಿದ್ದೇವೆ, ನೋಟಿಸ್ ಬೇಕಿಲ್ಲ’ ಅಂತ ಹೇಳುವವರಿದ್ದಾರೆ. ಹೇಳಿದರೆ ಸಾಲದು. 39ನೇ ಸೆಕ್ಷನ್ ಪ್ರಕಾರ ನೋಟಿಸ್ ಇಲ್ಲದೆ ತೆಗೆಯಲು ಆರೋಪಪಟ್ಟಿ ಇರಬೇಕು, ವಿಚಾರಣೆ ನಡೆದಿರಬೇಕು, ಅಲ್ಲಿ ಸಾಕ್ಷ್ಯ ದಾಖಲಾಗಿರಬೇಕು. ಟಾರ್ಗೆಟ್ ಮುಟ್ಟಲಿಲ್ಲ, ರೇಟಿಂಗ್ ಕಡಿಮೆ ಬಂತು ಅನ್ನುವುದು ದುರ್ನಡತೆ ಅಲ್ಲ. ಪ್ರಾಜೆಕ್ಟ್ ಮುಗಿಯಿತು ಅನ್ನುವುದಂತೂ ನಿಮ್ಮ ತಪ್ಪೇ ಅಲ್ಲ.

ಇನ್ನೊಂದು ಜಗಳ: ಬೇಸಿಕ್ ಮೇಲೋ, ಒಟ್ಟು ಸಂಬಳದ ಮೇಲೋ? ಮೇಲಿನ ಲೆಕ್ಕದಲ್ಲಿ ಬೇಸಿಕ್ ಹಿಡಿದರೆ 48,000, ಒಟ್ಟು ಹಿಡಿದರೆ 1,20,000. ಲೆಟರಿನ ಆ ಒಂದು ಸಾಲನ್ನು ಕನ್ನಡಕ ಹಾಕಿಕೊಂಡು ಓದಿ. ‘ಬೇಸಿಕ್’ ಅಂತ ಸ್ಪಷ್ಟವಾಗಿ ಇದ್ದರೆ ಕಂಪನಿ ಅದನ್ನು ಹಿಡಿದುಕೊಳ್ಳುತ್ತದೆ. ಸುಮ್ನೆ ‘ಸ್ಯಾಲರಿ’ ಅಂತ ಇದ್ದರೆ ಒಟ್ಟು ಸಂಬಳವನ್ನೇ ಕೇಳಿ, ಕಡಿಮೆಯಿಂದ ಶುರು ಮಾಡಬೇಡಿ. ಹೊಸ ಸಂಹಿತೆಗಳಲ್ಲಿ ವೇತನ ಅನ್ನುವುದಕ್ಕೆ ಹೊಸ ಲೆಕ್ಕವೂ ಬಂದಿದೆ. ಭತ್ಯೆಗಳ ಹೆಸರಲ್ಲಿ ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ವೇತನಕ್ಕೇ ಸೇರಿಸಬೇಕು. ಬೇಸಿಕ್ ಇಳಿಸಿ ಲೆಕ್ಕ ಉಳಿಸಿಕೊಳ್ಳುತ್ತಿದ್ದವರಿಗೆ ಇದು ಬಿಸಿ ತಟ್ಟಿಸಿದೆ.

ಈಗ ಪತ್ರ ಬರೆಯೋಣ. ವಕೀಲರ ನೋಟಿಸ್ ಆಮೇಲೆ, ಮೊದಲು ನೀವೇ ಬರೆಯಿರಿ. ಒಂದು ಪುಟ ದಾಟಬಾರದು. ನಾನು ಸಾಮಾನ್ಯವಾಗಿ ಬರೆಸುವುದು ಹೀಗೆ:

‘ನಾನು ಇಂಥ ದಿನದಿಂದ ಇಂಥ ದಿನದವರೆಗೆ ನಿಮ್ಮಲ್ಲಿ ಇಂಥ ಹುದ್ದೆಯಲ್ಲಿದ್ದೆ. ಇಂಥ ದಿನ ಯಾವುದೇ ನೋಟಿಸ್ ಇಲ್ಲದೆ ನನ್ನನ್ನು ಕೆಲಸದಿಂದ ತೆಗೆಯಲಾಯಿತು. ಅಪಾಯಿಂಟ್‌ಮೆಂಟ್ ಲೆಟರಿನ ಇಂಥ ಕಲಂ ಹಾಗೂ ಅಂಗಡಿ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಎರಡು ತಿಂಗಳ ಸಂಬಳ 1,20,000 ರೂ. ನನಗೆ ಬರಬೇಕು. 15 ದಿನದೊಳಗೆ ನನ್ನ ಖಾತೆಗೆ ಜಮಾ ಮಾಡಿ. ತಪ್ಪಿದರೆ ಈ ಪತ್ರದ ದಿನದಿಂದ ಬಡ್ಡಿಯನ್ನೂ ಸೇರಿಸಿ ಕೇಳುತ್ತೇನೆ. ತೆಗೆದ ಕ್ರಮದ ಬಗ್ಗೆ ನನ್ನ ಉಳಿದ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ.’

ಬಡ್ಡಿಯ ಸಾಲು ಅಲಂಕಾರಕ್ಕೆ ಹಾಕಿದ್ದಲ್ಲ. ಬಡ್ಡಿ ಕೇಳುತ್ತೇನೆ ಅಂತ ಬರವಣಿಗೆಯಲ್ಲಿ ತಿಳಿಸಿದ್ದರೆ ಆ ದಿನದಿಂದ ಬಡ್ಡಿ ಕೊಡಿಸಲು 1978ರ ಬಡ್ಡಿ ಕಾಯ್ದೆಯಲ್ಲಿ ಕೋರ್ಟಿಗೆ ಅವಕಾಶ ಇದೆ. ಕೊನೇ ಸಾಲು ಇರುವುದು, ಎರಡು ಜಗಳ ಬೇರೆ ಬೇರೆ ಅಂದೆನಲ್ಲ, ಅದಕ್ಕೆ. ಮ್ಯಾನೇಜರ್ ಬಗ್ಗೆ ಒಂದಕ್ಷರವೂ ಬೇಡ.

ಈಮೇಲ್ ಜೊತೆಗೆ ಸ್ಪೀಡ್ ಪೋಸ್ಟ್ ಕೂಡ ಮಾಡಿ. ಕಂಪನಿಯ ನೋಂದಾಯಿತ ವಿಳಾಸ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಿಗುತ್ತದೆ. ನೀವು ಕೂತು ಕೆಲಸ ಮಾಡುತ್ತಿದ್ದ ಕಟ್ಟಡ ಅದಾಗಿರಬೇಕು ಅಂತೇನಿಲ್ಲ. ಎರಡೂ ಕಡೆ ಕಳಿಸಿ. ಎಷ್ಟೋ ಸಲ ಈ ಪತ್ರಕ್ಕೇ ದುಡ್ಡು ಬಂದುಬಿಡುತ್ತದೆ. ತೆಗೆದವರು ಒಂದು ವಿಭಾಗ, ಲೀಗಲ್ ಇನ್ನೊಂದು ವಿಭಾಗ. ಲೀಗಲ್‌ನವರಿಗೆ ಸೆಕ್ಷನ್ ನಂಬರ್ ಕಂಡರೆ ಅರ್ಥವಾಗುತ್ತದೆ.

ಮಧ್ಯೆ ಅರ್ಧ ದುಡ್ಡು ಕೊಟ್ಟು ‘ಎಲ್ಲ ಬಾಕಿ ತೀರಿದೆ’ ಅಂತ ಸಹಿ ಕೇಳುತ್ತಾರೆ. ದುಡ್ಡು ಬೇಡ ಅನ್ನಬೇಡಿ. ‘ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ, ನೋಟಿಸ್ ಸಂಬಳ ಬಾಕಿ ಇದೆ’ ಅಂತ ಕೈಬರಹದಲ್ಲಿ ಬರೆದು ಸಹಿ ಮಾಡಿ, ಫೋಟೋ ತೆಗೆದುಕೊಳ್ಳಿ.

ಪತ್ರಕ್ಕೆ ಜಗ್ಗದಿದ್ದರೆ ಕಾರ್ಮಿಕ ಇಲಾಖೆ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಜಿಲ್ಲೆಗಳಲ್ಲಿ ಕಾರ್ಮಿಕ ಅಧಿಕಾರಿಯ ಕಚೇರಿ. ಸಹಾಯವಾಣಿ 155214. ಅಲ್ಲಿ ರಾಜಿ ಸಂಧಾನಕ್ಕೆ ಎರಡೂ ಕಡೆಯವರನ್ನು ಕರೆಸುತ್ತಾರೆ. ಒಂದು ಸಂತೋಷದ ವಿಷಯ: ರಾಜಿ ಅಧಿಕಾರಿಯ ಮುಂದೆ ವಕೀಲರು ವಾದ ಮಾಡುವಂತಿಲ್ಲ, ಕಾನೂನೇ ತಡೆದಿದೆ. ಕಂಪನಿಯ ದೊಡ್ಡ ಲಾಯರ್ ಬಂದು ಹೆದರಿಸುವ ಜಾಗ ಅಲ್ಲ ಅದು. ಅಲ್ಲಿಗೆ ಬರುವುದು ಎಚ್‌ಆರ್. ಎರಡು ಸಲ ಕೆಲಸ ಬಿಟ್ಟು ಬಂದು ಹೋಗಬೇಕಾದರೆ ಅವರಿಗೂ ಬೇಜಾರು, ಅಲ್ಲಿ ಮೊತ್ತ ಮಾತಾಡಿ ಮುಗಿಸುವ ಕಂಪನಿಗಳು ಇವೆ. ಸುಮ್ಮನೆ ವಾಯಿದೆ ಕೇಳುತ್ತಾ ಎಳೆಯುವವೂ ಇವೆ.

ಕೊನೇ ತಿಂಗಳ ಸಂಬಳದ ವಿಷಯಕ್ಕೆ 2019ರ ವೇತನ ಸಂಹಿತೆ ಈಗ ಬಲವಾದ ಆಯುಧ. ತೆಗೆದರೂ, ನೀವೇ ಬಿಟ್ಟರೂ, ಕೆಲಸ ಮಾಡಿದ ದಿನಗಳ ಸಂಬಳ ಎರಡು ಕೆಲಸದ ದಿನದೊಳಗೆ ಕೈಗೆ ಬರಬೇಕು. ‘45 ದಿನಕ್ಕೆ ಸೆಟ್ಲ್‌ಮೆಂಟ್’ ಅನ್ನುವುದು ಕಂಪನಿಯ ಪದ್ಧತಿ, ಕಾನೂನಲ್ಲ. ಹಳೇ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿ ಒಳಗಿನವರಿಗಷ್ಟೇ ಇತ್ತು, ಈ ಸಂಹಿತೆಯಲ್ಲಿ ಆ ಮಿತಿ ಇಲ್ಲ. ದೂರು ಕೊಡಲು ಮೊದಲು ಒಂದು ವರ್ಷ ಇತ್ತು, ಈಗ 3 ವರ್ಷ. ಬಾಕಿಯ ಜೊತೆಗೆ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಆ ದೂರು ಕೇಳುವ ಪ್ರಾಧಿಕಾರಕ್ಕೆ ಇದೆ.

ಆದರೆ ಎಲ್ಲ ಗಡುವೂ ಬೆಳೆದಿಲ್ಲ, ಇದನ್ನು ಬರೆದುಕೊಳ್ಳಿ. ಕೆಲಸದಿಂದ ತೆಗೆದದ್ದೇ ತಪ್ಪು ಅಂತ ರಾಜಿ ಅಧಿಕಾರಿ ಮುಂದೆ ಹೋಗುವ ಅವಧಿ ಹೊಸ ಸಂಹಿತೆಯಲ್ಲಿ 2 ವರ್ಷ. ತೆಗೆದ ಆದೇಶದ ವಿರುದ್ಧ ಅಂಗಡಿ ಕಾಯ್ದೆಯ 39ನೇ ಸೆಕ್ಷನ್ ಕೆಳಗೆ ಹಾಕುವ ಮೇಲ್ಮನವಿಗೆ ಇನ್ನೂ ಅವಸರ ಬೇಕು, ಲೆಟರ್ ಕೈಗೆ ಬಂದ ವಾರದಲ್ಲೇ ಓಡಾಡಿ.

ಕಾನೂನಿನ ಪ್ರಕಾರ ‘ಕಾರ್ಮಿಕ’ ಅಲ್ಲದವರು, ಅಂದರೆ ನಿಜವಾದ ಮ್ಯಾನೇಜರ್‌ಗಳು, ಸಿವಿಲ್ ಕೋರ್ಟಿಗೆ ಹೋಗಬೇಕು. ಅವಧಿ 3 ವರ್ಷ. ಲಿಖಿತ ಕರಾರು ಇದ್ದು ಮೊತ್ತ ನಿಗದಿಯಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದ ಕೆಳಗೆ ಸಮ್ಮರಿ ದಾವೆ ಹಾಕಬಹುದು. ಅದರಲ್ಲಿ ಪ್ರತಿವಾದಿ ವಾದ ಮಾಡಲಿಕ್ಕೇ ಮೊದಲು ಕೋರ್ಟಿನ ಅನುಮತಿ ಪಡೆಯಬೇಕು. ನಿಮ್ಮನ್ನು ವಾಪಸ್ ಕೆಲಸಕ್ಕೆ ಸೇರಿಸು ಅಂತ ಸಿವಿಲ್ ಕೋರ್ಟ್ ಖಾಸಗಿ ಕಂಪನಿಗೆ ಸಾಮಾನ್ಯವಾಗಿ ಹೇಳುವುದಿಲ್ಲ. ನಷ್ಟದ ಲೆಕ್ಕ ಬಂದಾಗ ಹೆಚ್ಚಾಗಿ ನೋಟಿಸ್ ಅವಧಿಯ ಸಂಬಳವೇ ಅಳತೆ. ಹಾಗಾಗಿ ಮ್ಯಾನೇಜರ್‌ಗಳಿಗೆ ನೋಟಿಸ್ ದುಡ್ಡೇ ಅಸಲು ಮೊಕದ್ದಮೆ.

ಗಾರ್ಮೆಂಟ್ಸ್‌ನಿಂದ ಬಂದ ಅಕ್ಕ ಒಬ್ಬರು ಕೇಳಿದರು: ‘ನಮಗೆ ಲಾಯರ್ ಫೀಸ್ ಕೊಡೋ ಶಕ್ತಿ ಎಲ್ಲಿದೆ?’ ಬೇಕಿಲ್ಲಮ್ಮ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಣ್ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ಪ್ರತಿ ಜಿಲ್ಲಾ ಕೋರ್ಟ್ ಆವರಣದಲ್ಲೂ ಪ್ರಾಧಿಕಾರದ ಕಚೇರಿ ಇದೆ, ಫೋನ್ 15100. ಗಾರ್ಮೆಂಟ್ಸ್‌ನಲ್ಲಿ ಮಾತ್ರ ಒಬ್ಬೊಬ್ಬರೇ ಹೋಗಬೇಡಿ. 2020ರಲ್ಲಿ ಶ್ರೀರಂಗಪಟ್ಟಣದಲ್ಲಿ ಒಂದು ಕಾರ್ಖಾನೆ ಸಾವಿರಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿದಾಗ, ಅವರು ವಾರಗಟ್ಟಲೆ ಒಟ್ಟಾಗಿ ಕೂತಿದ್ದಕ್ಕೇ ವಿಷಯ ಹೊರದೇಶದ ಬ್ರ್ಯಾಂಡ್‌ವರೆಗೆ ಹೋಯಿತು. ಐಟಿಯವರಿಗೂ ರಾಜ್ಯದಲ್ಲಿ ಯೂನಿಯನ್ ಇದೆ, ಕಿಟು ಅಂತ. ಸದಸ್ಯರಾಗುವುದು ಬಿಡುವುದು ನಿಮ್ಮಿಷ್ಟ, ಇಂಥವರ ಹತ್ತಿರ ಮಾದರಿ ಅರ್ಜಿಗಳು ಇರುತ್ತವೆ.

‘ಕೇಸ್ ಹಾಕಿದರೆ ಮುಂದಿನ ಕಂಪನಿಯವರಿಗೆ ಗೊತ್ತಾಗುತ್ತಾ?’ ಇದು ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆ, ಕೇಳಿದ್ದು ಒಬ್ಬರೇ. ಕೋರ್ಟಿಗೆ ಹೋದ ಮೇಲೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಸಿಗಬಹುದು. ನೀವು ಬರೆದ ಪತ್ರ, ರಾಜಿ ಅಧಿಕಾರಿ ಮುಂದಿನ ಅರ್ಜಿ ಅಲ್ಲಿ ಬರುವುದಿಲ್ಲ. ಅದಕ್ಕೇ ಈ ಎರಡು ಮೆಟ್ಟಿಲಲ್ಲೇ ಗಟ್ಟಿಯಾಗಿ ಕೇಳಿ ಅನ್ನುವುದು.

ಬಂದ ದುಡ್ಡಿನ ಮೇಲೆ ತೆರಿಗೆ? ನೋಟಿಸ್ ಸಂಬಳ ಸಂಬಳದ ಹಾಗೇ, ಟಿಡಿಎಸ್ ಹಿಡಿಯುತ್ತಾರೆ. ಕಾರ್ಮಿಕರಿಗೆ ಕೊಡುವ ಕಡಿತದ ಪರಿಹಾರಕ್ಕೆ ಮಾತ್ರ 5 ಲಕ್ಷದವರೆಗೆ ವಿನಾಯಿತಿ ಇದೆ. ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿ ಕೊಟ್ಟರೆ ಬೇರೆ ಮಾಡಿಸಿಕೊಳ್ಳಿ.

ಕೊನೆಯ ಪ್ರಶ್ನೆ ಸ್ಟಾರ್ಟಪ್‌ನವರದು. ಕಂಪನಿಯೇ ದಿವಾಳಿ, ದಿವಾಳಿ ಪ್ರಕರಣ ನೋಡುವ ನ್ಯಾಯಮಂಡಳಿ ಎನ್‌ಸಿಎಲ್‌ಟಿ ಮುಂದೆ ಇದೆ, ಈಗ ಯಾರನ್ನು ಕೇಳುವುದು? ದಿವಾಳಿ ಪ್ರಕ್ರಿಯೆ ಶುರುವಾದರೆ ಬೇರೆ ಕೋರ್ಟುಗಳ ವಸೂಲಿ ನಿಲ್ಲುತ್ತದೆ. ಆಗ ನಿಮ್ಮ ಬೇಡಿಕೆ ಹೋಗಬೇಕಾದದ್ದು ಆ ಪ್ರಕ್ರಿಯೆ ನಡೆಸಲು ನೇಮಕವಾದ ರೆಸಲ್ಯೂಷನ್ ಪ್ರೊಫೆಷನಲ್ ಹತ್ತಿರ, ‘ಫಾರಂ ಡಿ’ಯಲ್ಲಿ. ಕಂಪನಿ ಮುಚ್ಚಿ ಆಸ್ತಿ ಮಾರಿದರೆ ಕಾರ್ಮಿಕರ 24 ತಿಂಗಳ ಬಾಕಿಗೆ ಅಡಮಾನ ಇಟ್ಟುಕೊಂಡ ಬ್ಯಾಂಕುಗಳ ಸಮಾನ ಸ್ಥಾನ, ಉಳಿದ ನೌಕರರ 12 ತಿಂಗಳ ಬಾಕಿಗೆ ಅದರ ನಂತರದ ಸ್ಥಾನ. ಸಾರ್ವಜನಿಕ ಪ್ರಕಟಣೆ ದಿವಾಳಿ ಮಂಡಳಿಯ (ಐಬಿಬಿಐ) ಜಾಲತಾಣದಲ್ಲಿ ಬರುತ್ತದೆ, ಬೇಡಿಕೆ ಸಲ್ಲಿಸುವ ಕೊನೇ ದಿನ ಅದರಲ್ಲೇ ಇರುತ್ತದೆ. ನಿಮ್ಮ ಹಳೇ ಆಫೀಸಿನ ವಾಟ್ಸಾಪ್ ಗ್ರೂಪ್ ಇನ್ನೂ ಇದ್ದರೆ ಆ ಪ್ರಕಟಣೆಯನ್ನು ಇವತ್ತೇ ಹುಡುಕಿ ಅಲ್ಲಿ ಹಾಕಿ, ಎಲ್ಲರೂ ಫಾರಂ ತುಂಬಲಿ.